ಖಾಲಿ ಬ್ಯಾಟರಿಯಲ್ಲಿ ಬಿಮಲಾಳ ಊರಿಗೆ

ನೇಪಾಳಕ್ಕೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಪಶುಪತಿನಾಥನ ದರ್ಶನ ಚೆನ್ನಾಗಾಯ್ತಾ? ಹಿಮಾಲಯ ಕಾಣಿಸ್ತಾ? ದರ್ಶನ ಚೆನ್ನಾಗಿಯೇ ಆಯಿತು. ಹಿಮಾಲಯ ಮೋಡದ ಹಿಂದೆ ಇದೆ ಎಂದು ಹೋಟೆಲಿನವರು ಹೇಳಿದರು, ನಂಬಿದೆವು. ಆದರೆ ಆ ದೇಶದಲ್ಲಿ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಚಾರ್ಜರ್‌ಗಳನ್ನು. ಓಡುವ ಚಾರ್ಜರ್, ಓಡದ ಚಾರ್ಜರ್, ಓಡುತ್ತೇನೆ ಬಾ ಎಂದು ಹಸಿರು ದೀಪ ತೋರಿಸಿ ಕೈ ಕೊಡುವ ಚಾರ್ಜರ್. ದೇವರಾಣೆ, ದೇವಸ್ಥಾನದಲ್ಲಿ ಕೂಡ ನಾನು ಅಷ್ಟು ಭಕ್ತಿಯಿಂದ ಕೈ ಮುಗಿದಿರಲಿಲ್ಲ.

ಹೋಗಿದ್ದು ಬಿಮಲಾಗೋಸ್ಕರ. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನನ್ನ ಪಕ್ಕದ ಮಿಷನ್ ಅವಳದು. ನಾನು ಕಾಲರ್ ಹೊಲಿದು ತಳ್ಳಿದರೆ ಅವಳು ಅದನ್ನು ಶರ್ಟಿಗೆ ಕೂಡಿಸುತ್ತಿದ್ದಳು. ಬಂದ ಹೊಸದರಲ್ಲಿ ಅವಳಿಗೆ ‘ನೀರು’ ಎನ್ನುವ ಮಾತೊಂದು ಬಿಟ್ಟರೆ ಕನ್ನಡವೇ ಬರುತ್ತಿರಲಿಲ್ಲ. ಹೋಗುವ ಹೊತ್ತಿಗೆ ಸೂಪರ್‌ವೈಸರ್ ಹಿಂದಿನಿಂದ ಅವನನ್ನು ಬಯ್ಯುವಷ್ಟು ಕಲಿತಿದ್ದಳು, ಅದೂ ನಮ್ಮ ದೊಡ್ಡಬಳ್ಳಾಪುರದ ಕನ್ನಡ. ಗಂಡ ಕತಾರಿನಲ್ಲಿ, ಇವಳು ನಮ್ಮಲ್ಲಿ, ಮಗಳು ನೇಪಾಳದಲ್ಲಿ ಅತ್ತೆ ಮಾವನ ಹತ್ತಿರ. ಮಗು ಮಾತು ಕಲಿತಿದ್ದನ್ನೂ ಹಲ್ಲು ಬಿದ್ದಿದ್ದನ್ನೂ ಇವಳು ನೋಡಿದ್ದು ಫೋನಿನಲ್ಲೇ. ಒಂದು ದಿನ ಊಟದ ಬ್ರೇಕಿನಲ್ಲಿ ಡಬ್ಬಿ ಮುಚ್ಚಿ, ‘ಸಾಕು ಕಣೇ ಮಂಜಿ, ಊರಿಗೆ ಹೋಗ್ತೀನಿ’ ಎಂದವಳು ನಿಜಕ್ಕೂ ಹೋಗಿಯೇಬಿಟ್ಟಳು.

ಊರಲ್ಲಿ ಹೆದ್ದಾರಿ ಪಕ್ಕದಲ್ಲೇ ಮನೆ. ಮುಂದೆ ಸಣ್ಣ ಹೋಟೆಲು ಇಟ್ಟಳು. ಆಮೇಲೆ ಫಾಸ್ಟ್ ಚಾರ್ಜರ್ ಹಾಕಿಸುವ ಯೋಚನೆ ಬಂತು. ಆ ಯೋಚನೆ ಅವಳ ತಲೆಗೆ ತುಂಬಿದವಳು ನಾನೇ. ನಾವು ಎಲೆಕ್ಟ್ರಿಕ್ ಕಾರು ತಗೊಂಡಿದ್ದೆವು, ಓಡಿಸುವುದು ನಾನು, ಫೋನ್ ಮಾಡಿದಾಗಲೆಲ್ಲ ಅದರದೇ ಪುರಾಣ. ಚಾರ್ಜರ್ ಹಾಕಲು ಮಾವನ ಮೆಕ್ಕೆಜೋಳದ ಮಡಿಯನ್ನು ಅಗೆಸಬೇಕಾಯಿತು. ಅವತ್ತಿನಿಂದ ಮಾವ ಸೊಸೆಯ ಜೊತೆ ಮಾತು ಬಿಟ್ಟಿದ್ದ.

ಶುರು ಮಾಡುವ ದಿನ ಗೊತ್ತಾದ ಮೇಲೆ ಬಿಮಲಾ ಫೋನ್ ಮಾಡಿದಳು. ‘ಮೊದಲ್ನೇ ಗಾಡಿ ನಿಂದೇ ಆಗ್ಬೇಕು ಕಣೇ. ಇಲ್ಲಿ ಎಲ್ರೂ ನಗ್ತಾವ್ರೆ, ಈ ಡಬ್ಬಕ್ಕೆ ಯಾವನು ಬರ್ತಾನೆ ಅಂತ. ಇದು ಓಡ್ಲಿಲ್ಲ ಅಂದ್ರೆ ಹಬ್ಬ ಮುಗಿಸ್ಕೊಂಡು ನಾನು ಮತ್ತೆ ಬಾಶೆಟ್ಟಿಹಳ್ಳಿಗೇ. ಮಗೂನ ಮತ್ತೆ ಬಿಟ್ಟು.’ ನಾನು ಅಲ್ಲೇ ನಿಂತಿದ್ದ ನಮ್ಮನೆಯವರನ್ನು ಕೇಳದೆಯೇ ಬರ್ತೀನಿ ಅಂದುಬಿಟ್ಟೆ.

ಕಠ್ಮಂಡು

ಹೋದವರು ಮೂವರು. ನಾನು, ನಮ್ಮನೆಯವರು ನಾಗರಾಜು, ಅವರ ಅಕ್ಕ ಪುಟ್ಟತಾಯಮ್ಮ. ನಮ್ಮನೆಯವರದು ಮನೆಯಲ್ಲೇ ಪವರ್‌ಲೂಮ್ ಮಗ್ಗ. ಜೀವಮಾನವೆಲ್ಲ ಕರೆಂಟು ಹೋಗುತ್ತೇನೋ ಎಂದು ಕಾದವರು, ಆದ್ದರಿಂದ ಕರೆಂಟಿನ ಮೇಲೆ ನಂಬಿಕೆ ಕಡಿಮೆ. ಅಕ್ಕ ಸೂಲಿಬೆಲೆಯವರು. ನಾಲ್ಕು ಹಸು ಕಟ್ಟಿ, ಮೂರು ಹೊತ್ತೂ ಯಾರಿಗಾದರೂ ಬುದ್ಧಿ ಹೇಳಿ ಬದುಕಿದವರು. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರು. ಪಶುಪತಿ ಎಂದರೆ ಹಸುಗಳ ಯಜಮಾನ, ಹೋಗದೆ ಇರೋಕಾಗುತ್ತಾ ಎನ್ನುವುದು ಅವರ ವಾದ.

ಅಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ. ಎಲ್ಲಿ ನೋಡಿದರೂ ಎಲೆಕ್ಟ್ರಿಕ್ ಗಾಡಿ. ನಮ್ಮೂರಲ್ಲಿ ನನ್ನ ಕಾರು ಶಬ್ದವಿಲ್ಲದೆ ಹೋದರೆ ಇನ್ನೂ ತಿರುಗಿ ನೋಡುವವರಿದ್ದಾರೆ. ಕಠ್ಮಂಡುವಿನಲ್ಲಿ ಹದಿನೈದು ಜನ ತುಂಬಿದ ಮೈಕ್ರೋಬಸ್ಸೂ ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುತ್ತದೆ. ಅಕ್ಕ ಎರಡು ಸಲ ಬೆಚ್ಚಿ ರಸ್ತೆ ಪಕ್ಕದ ತರಕಾರಿ ಬುಟ್ಟಿಗೇ ಕಾಲಿಟ್ಟರು. ಬುಟ್ಟಿಯವಳು ಬಯ್ಯದೆ ನಕ್ಕಳು. ನಮ್ಮ ಮಾರ್ಕೆಟ್ಟಿನಲ್ಲಾಗಿದ್ದರೆ ಮನೆತನವೆಲ್ಲ ಬೀದಿಗೆ ಬರುತ್ತಿತ್ತು.

ಹೊರಡುವ ಬೆಳಗ್ಗೆ, ವಿಮಾನದಲ್ಲಿ ಬಂದಿದ್ದ ನಾವು ಅಲ್ಲಿ ಗೊತ್ತು ಮಾಡಿದ್ದ ಬಾಡಿಗೆ ಎಲೆಕ್ಟ್ರಿಕ್ ಕಾರಿನ ಯಜಮಾನ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ. ಚಾರ್ಜಿಗೆ ಹಾಕಿದ್ದೆ, ನಡುವೆ ‘ಬತ್ತಿ ಗಯೋ’ ಎಂದ. ಬತ್ತಿ ಎಂದರೆ ಅಲ್ಲಿ ಕರೆಂಟು. ನಮ್ಮಲ್ಲಿ ಬತ್ತಿ ಇಡುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ‘ನೋಡ್ದಾ, ಮೊದಲ್ನೇ ದಿನಾನೇ ಬತ್ತಿ ಇಟ್ಟ’ ಎಂದರು ನಮ್ಮನೆಯವರು. ಬ್ಯಾಟರಿ ಅರ್ಧಕ್ಕಿಂತ ತುಸು ಮೇಲಿತ್ತು. ಹತ್ತಿರದಲ್ಲೇ ಫಾಸ್ಟ್ ಚಾರ್ಜರ್ ಇದೆ, ಒಂದು ಟೀ ಕುಡಿಯುವುದರೊಳಗೆ ತುಂಬಿಸಿ ತರುತ್ತೇನೆ ಎಂದು ಆತ ಹೇಳಿದ. ಸರಿ ಅನ್ನಬೇಕಿತ್ತು. ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದರು.

‘ಊಟಕ್ಕೆ ಕರೆದವ್ರ ಮನೇಗೆ ಹೊಟ್ಟೆ ತುಂಬಿಸ್ಕೊಂಡು ಯಾರಾದ್ರೂ ಹೋಗ್ತಾರಾ? ಆ ಹುಡ್ಗಿ ಬಡಿಸ್ತೀನಿ ಅಂತ ಎಲೆ ಹಾಕ್ಕೊಂಡು ಕೂತವ್ಳೆ. ನೀವು ಇಲ್ಲೇ ತಿಂದ್ಕೊಂಡು ಹೋಗಿ ಅವಳ ಮುಂದೆ ತೇಗ್ತೀರಾ?’

‘ಅಕ್ಕಾ, ಇದು ಕಾರು ಕಣಕ್ಕ. ಹೊಟ್ಟೆ ಅಲ್ಲ’ ಎಂದರು ತಮ್ಮ.

‘ಎರಡೂ ಒಂದೇ ಕಣೋ. ತುಂಬಿದ್ದಕ್ಕೆ ಏನು ಬಡಿಸ್ತಾಳೆ ಅವಳು?’

ನಗಬೇಡಿ, ನನಗೆ ಆ ಮಾತು ಸರಿಯೆನಿಸಿತು. ಬಿಮಲಾ ಕೂಡ ಫೋನಿನಲ್ಲಿ, ‘ಜಾಸ್ತಿ ಚಾರ್ಜ್ ಇಟ್ಕೊಂಡು ಬರ್ಬೇಡ, ನನ್ನ ಹತ್ರಾನೇ ತುಂಬ್ಸು, ಎಲ್ರೂ ನೋಡ್ಲಿ’ ಎಂದಿದ್ದಳು. ಊರು ಮುಟ್ಟುವಷ್ಟು ಹೇಗೂ ಇದೆ, ಬೇಕಾದರೆ ದಾರಿಯಲ್ಲಿ ಒಂದು ಗುಟುಕು ಹಾಕಿಸೋಣ ಎಂದು ಹೊರಟೆವು. ನಮ್ಮನೆಯವರು ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು.

ನೌಬಿಸೆಯ ಇಳಿಜಾರು

ಕಠ್ಮಂಡುವಿನ ಬಟ್ಟಲಿನಂಥ ಕಣಿವೆಯಿಂದ ಆಚೆ ಬಂದರೆ ರಸ್ತೆ ಸುತ್ತಿ ಸುತ್ತಿ ಕೆಳಗಿಳಿಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಚಕ್ರ ತಿರುಗಿದ್ದೇ ಬ್ಯಾಟರಿಗೆ ತುಸು ವಾಪಸ್ ತುಂಬುತ್ತದೆ. ಶೇಕಡಾ ಲೆಕ್ಕ ಇಳಿಯುವ ಬದಲು ಏರಿದ್ದನ್ನು ನೋಡಿ ಅಕ್ಕನಿಗೆ ಖುಷಿಯೋ ಖುಷಿ. ‘ಮೇವು ಹಾಕ್ದೇನೇ ಹಾಲು ಕೊಡ್ತಾ ಅದಲ್ಲೇ! ಇಂಥ ಒಂದು ಹಸ ಸಿಗ್ಬಾರ್ದಾ!’ ಎಂದು ಮುಂದಿನ ಸೀಟಿನ ಮಧ್ಯೆ ತಲೆ ತೂರಿಸಿ ಕೂತರು.

ಇಳಿಜಾರು ಮುಗಿದ ಕಡೆ ಟೀಗೆ ನಿಲ್ಲಿಸಿದೆವು. ನಮ್ಮ ಮಾತು ಕೇಳಿಸಿಕೊಂಡ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಎದ್ದು ನಿಂತ. ‘ಬನ್ನಿ, ಕೂತ್ಕೊಳ್ಳಿ! ಊಟ ಆಯ್ತಾ?’ ಹೊಸಕೋಟೆ ಕಡೆ ಒಂದು ಗೋಡೌನಿನಲ್ಲಿ ಕಾವಲು ಕೆಲಸ ಮಾಡಿದ್ದನಂತೆ. ದೇಶ ಬಿಟ್ಟು ಬಂದು ‘ಊಟ ಆಯ್ತಾ’ ಕೇಳಿದಾಗ ಆಗುವ ಸಂತೋಷವನ್ನು ಹೇಗೆ ಹೇಳಲಿ, ನನಗೆ ಕಣ್ಣೇ ತುಂಬಿತು. ಟೀಯಲ್ಲಿ ಮೆಣಸಿನ ಖಾರ ಇತ್ತು, ಅದೂ ಚೆನ್ನಾಗಿಯೇ ಹಿಡಿಯಿತು.

ಆ ಪುಣ್ಯಾತ್ಮನಿಂದ ಒಂದು ಅನಾಹುತವೂ ಆಯಿತು. ನೇಪಾಳದವರಿಗೆಲ್ಲ ಕನ್ನಡ ಬರುತ್ತದೆ ಎಂದು ಅಕ್ಕ ಅಲ್ಲೇ ತೀರ್ಮಾನ ಮಾಡಿಬಿಟ್ಟರು.

ಮಲೇಖು

ಅಲ್ಲಿಂದಾಚೆ ತ್ರಿಶೂಲಿ ನದಿಯ ಪಕ್ಕದಲ್ಲೇ ದಾರಿ. ರಸ್ತೆ ಅಗಲ ಮಾಡುತ್ತಿದ್ದರು. ನೆಲಮಂಗಲದ ಹೆದ್ದಾರಿ ಕೆಲಸ ನಡೆದಾಗ ನಾವು ತಿಂದ ಧೂಳು ಇದರ ಮುಂದೆ ಮುಖಕ್ಕೆ ಹಾಕುವ ಪೌಡರ್. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ಅಕ್ಕನಿಗೆ ತಲೆ ಸುತ್ತಿತೆಂದು ಏಸಿ ಹಾಕಿದೆ. ಗಾಡಿಗಳು ಸಾಲುಗಟ್ಟಿ ನಿಂತಲ್ಲೇ ನಿಂತವು. ಇಳಿಜಾರು ಕೊಟ್ಟ ಹಾಲನ್ನೆಲ್ಲ ಏಸಿ ಕುಡಿದುಹಾಕಿತು.

ಮಲೇಖುವಿನಲ್ಲಿ ರಸ್ತೆಯುದ್ದಕ್ಕೂ ಕರಿದ ಮೀನನ್ನು ಮಾಲೆ ಕಟ್ಟಿ ತೂಗುಹಾಕಿರುತ್ತಾರೆ. ಅಂಥ ಒಂದು ಹೋಟೆಲಿನ ಮುಂದೆ ಚಾರ್ಜರ್ ಕಂಡಿತು. ಅದರ ಮೇಲೆ ಎರಡು ಟವಲ್ಲು ಒಣಗುತ್ತಿತ್ತು. ದಾಬಸ್‌ಪೇಟೆ ಕಡೆ ಒಂದು ಚಾರ್ಜರ್ ಮುಂದೆ ಯಾವಾಗಲೂ ಯಾರದೋ ಬೈಕು ನಿಂತಿರುತ್ತದೆ, ಕೇಳಿದರೆ ಓನರ್ ಊಟಕ್ಕೆ ಹೋಗವ್ರೆ ಎನ್ನುತ್ತಾರೆ. ಟವಲ್ಲು ಅಷ್ಟು ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟಿದ್ದು ಆ್ಯಪು. ಅದಕ್ಕೆ ಆ ದೇಶದ ಫೋನ್ ನಂಬರೇ ಬೇಕಂತೆ, ನಮ್ಮ ನಂಬರಿಗೆ ಓಟಿಪಿ ಬರುವುದಿಲ್ಲವಂತೆ.

ಪಕ್ಕದಲ್ಲಿ ಮೀನು ತಿನ್ನುತ್ತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬ ಎದ್ದು ಬಂದ. ಕೈ ಒರೆಸಿಕೊಂಡು, ಏನೂ ಕೇಳದೆ, ತನ್ನ ಫೋನಿನಿಂದಲೇ ಶುರು ಮಾಡಿಕೊಟ್ಟ. ನಾಲ್ಕು ಪರ್ಸೆಂಟ್ ಏರಿತು, ಚಾರ್ಜರ್ ಸುಮ್ಮನಾಯಿತು. ಮತ್ತೆ ಹಾಕಿದ, ಕೆಂಪು ದೀಪ. ಆತ ಅದಕ್ಕೆ ಒಂದು ಬೈಗುಳ ಬೈದು, ನನಗೆ ಹಿಂದಿಯಲ್ಲಿ ಒಂದು ಬುದ್ಧಿ ಹೇಳಿದ. ಆ್ಯಪನ್ನು ನಂಬಬೇಡಿ ದಿದಿ, ಹಸಿರು ತೋರಿಸುತ್ತೆ, ಹೋದರೆ ಸತ್ತಿರುತ್ತೆ. ಮನುಷ್ಯರನ್ನು ಕೇಳಿಕೊಂಡು ಹೋಗಿ. ಅವರೆಲ್ಲ ಮಾಡುವುದೂ ಹಾಗೆಯೇ ಎಂದು ಆಮೇಲೆ ಗಮನಿಸಿದೆ. ಎದುರು ಬದುರು ಬಂದ ಎರಡು ಎಲೆಕ್ಟ್ರಿಕ್ ಗಾಡಿಗಳು ರಸ್ತೆ ಮಧ್ಯೆಯೇ ನಿಂತು, ಯಾವ ಚಾರ್ಜರ್ ಓಡ್ತಿದೆ, ಯಾವುದು ಕೆಟ್ಟಿದೆ ಎಂದು ಕೂಗಿ ಹೇಳಿಕೊಂಡು ಹೋಗುತ್ತವೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಮುಗ್ಲಿನ್

ಮುಗ್ಲಿನ್ನಿನಲ್ಲಿ ಎರಡು ನದಿ ಸೇರುತ್ತವೆ, ಎರಡು ದಾರಿ ಒಡೆಯುತ್ತವೆ. ನಮ್ಮ ದಾಬಸ್‌ಪೇಟೆಯ ಹಾಗೇ ಲಾರಿಗಳದ್ದೇ ರಾಜ್ಯ. ಒಂದು ಹೋಟೆಲಿನ ಮೂಲೆಯಲ್ಲಿ ಚಾರ್ಜರ್ ಇತ್ತು. ಬುದ್ಧಿ ಕಲಿತವಳಲ್ಲವೇ ನಾನು, ಆ್ಯಪ್ ನೋಡದೆ ಮನುಷ್ಯನನ್ನೇ ಕೇಳಿದೆ. ಕಿಟಕಿ ಇಳಿಸಿ, ನಮ್ಮ ಟೌನಿನ ಹರಕು ಹಿಂದಿಯಲ್ಲಿ, ‘ಭಯ್ಯಾ, ಚಾರ್ಜರ್ ಚಲ್ತಾ ಕ್ಯಾ?’ ಎಂದೆ.

ತರಕಾರಿ ಹೆಚ್ಚುತ್ತಿದ್ದವನು ತಲೆ ಎತ್ತಿ, ಚಾಕು ಹಿಡಿದ ಕೈಯನ್ನೇ ಗಾಳಿಯಲ್ಲಿ ಆಡಿಸಿ, ‘ಅಲಿ ಅಲಿ’ ಎಂದ.

‘ಏನಂದ?’ ಎಂದು ನಮ್ಮನೆಯವರು.

‘ಅಲ್ಲಿ ಅಲ್ಲಿ ಅಂದ. ನಾನ್ ಹೇಳ್ಲಿಲ್ವಾ ಕನ್ನಡ ಬತ್ತದೆ ಅಂತ!’ ಎಂದು ಅಕ್ಕ ಹಿಂದಿನಿಂದ ಎಗರಿದರು. ‘ಮುಂದೆ ಅದೆಯಂತೆ ಕಣೋ. ಚಾಕೂಲಿ ತೋರಿಸ್ತಾವ್ನಲ್ಲ.’

ಚಾಕು ನಾವು ಹೋಗಬೇಕಾಗಿದ್ದ ಪೋಖರಾ ರಸ್ತೆಯ ಕಡೆಗೇ ತಿರುಗಿತ್ತು ಎಂದು ನನಗೂ ಅನಿಸಿತು. ಇನ್ನೊಂದು ಸಲ ಕೇಳಿದೆ. ಆತ ಈ ಸಲ ಇನ್ನೂ ಜೋರಾಗಿ, ‘ಅಲಿ ಅಲಿ, ದಿದಿ, ಅಲಿ ಅಲಿ!’ ಎಂದ. ಥ್ಯಾಂಕ್ಸ್ ಹೇಳಿ ಹೊರಟೆ. ಕನ್ನಡಿಯಲ್ಲಿ ನೋಡಿದರೆ ಆತ ಚಾಕು ಹಿಡಿದುಕೊಂಡೇ ರಸ್ತೆಗೆ ಬಂದು ನಮ್ಮನ್ನು ನೋಡುತ್ತಿದ್ದ. ಎಷ್ಟು ಒಳ್ಳೆಯ ಜನ, ಕಳಿಸಿಕೊಡಲು ಬಂದಿದ್ದಾನೆ ಎಂದುಕೊಂಡೆ.

ದುಮ್ರೆ ದಾಟಿದ ಮೇಲೆ

ಅಲ್ಲಿ ಅಲ್ಲಿ ಎಂದ ‘ಅಲ್ಲಿ’ ಬರಲೇ ಇಲ್ಲ. ದುಮ್ರೆ ಎಂಬ ಊರಿನ ಹತ್ತಿರ ಒಂದು ಚಾರ್ಜರ್ ಸಿಕ್ಕಿತು. ಅದಕ್ಕೆ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿದ್ದರು. ರಸ್ತೆ ಅಗೆಯುವಾಗ ಅದರ ಕೇಬಲ್ಲೇ ತುಂಡಾಗಿತ್ತು. ಆ್ಯಪಿನಲ್ಲಿ ಅದು ಇನ್ನೂ ಹಸಿರು, ಬಾ ಬಾ ಎಂದು ಕರೆಯುತ್ತಲೇ ಇತ್ತು.

ನಮ್ಮನೆಯವರು ಕಾರಿನ ಮ್ಯಾನ್ಯುಯಲ್ ತೆಗೆದು ಓದಲು ಕೂತರು. ಅವರು ಬಯ್ಯುವಾಗ ನನಗೆ ಭಯವಿಲ್ಲ, ಓದಲು ಕೂತರೆ ಭಯ. ಏಸಿ ಆರಿಸಿದೆ, ಸೈಕಲ್ಲಿನವನಿಗೂ ಮುಂದೆ ಹೋಗಲು ಬಿಟ್ಟೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಆಮೆಯ ಚಿತ್ರ ಬಂತು. ‘ಆಮೆ ಬಂದ್ರೆ ಒಳ್ಳೇದೇ, ಕೂರ್ಮಾವತಾರ’ ಎಂದರು ಅಕ್ಕ. ಕೂರ್ಮಾವತಾರ ಒಂದು ಏರಿನ ಅರ್ಧದವರೆಗೆ ನಮ್ಮನ್ನು ಹೊತ್ತು, ಅಲ್ಲಿಗೆ ಕೈ ಬಿಟ್ಟಿತು. ಕಾರು ಪಕ್ಕಕ್ಕೆ ಸರಿದು ನಿಂತೇಬಿಟ್ಟಿತು.

ಬಿಮಲಾಗೆ ಫೋನ್ ಮಾಡಲು ನನಗೆ ಕೈ ಬರಲಿಲ್ಲ. ಅಲ್ಲಿ ಊರೆಲ್ಲ ಸೇರಿದೆ, ಪೂಜೆಗೆ ಪುರೋಹಿತರು ಬಂದು ಕೂತಿದ್ದಾರೆ, ಇಲ್ಲಿ ಮೊದಲ ಗಾಡಿ ಸತ್ತು ಬಿದ್ದಿದೆ. ಎಲೆಕ್ಟ್ರಿಕ್ ಗಾಡಿ ದಾರಿಯಲ್ಲೇ ಕೈ ಕೊಡುತ್ತೆ ಎಂದು ಅವಳ ಮಾವ ಹೇಳುತ್ತಿದ್ದದ್ದನ್ನು ನಾನೇ ಸಾಬೀತು ಮಾಡಿದೆನಲ್ಲಪ್ಪಾ ಎಂದುಕೊಂಡೆ. ಕೊನೆಗೆ ಮಾಡಿದೆ. ಎಲ್ಲಾ ಹೇಳಿದೆ. ಮುಗ್ಲಿನ್ನಿನವನು ಅಲ್ಲಿ ಅಲ್ಲಿ ಅಂದ, ಅವನ ಮಾತು ಕೇಳಿ ಬಂದ್ವಿ ಅಂದೆ.

ಆ ಕಡೆ ಬಿಮಲಾ ಗದ್ದಲದಿಂದ ಈಚೆಗೆ ಬಂದಳು.

‘ಏನಂದ? ಇನ್ನೊಂದ್ಸಲ ಹೇಳು.’

‘ಅಲ್ಲಿ ಅಲ್ಲಿ.’

‘ಅಯ್ಯೋ ನಿನ್ನ! ಅಲಿ ಅಲಿ ಅಂದ್ರೆ ಸ್ವಲ್ಪ ಸ್ವಲ್ಪ ಅಂತ ಕಣೇ! ಚಾರ್ಜರ್ ನಿಧಾನಕ್ಕೆ ಓಡ್ತಾ ಐತೆ, ಹಾಕ್ಕೊಳಿ ಅಂದವ್ನೆ ಅವನು!’

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ತಡೆಯಲಿಲ್ಲ. ಅವಳ ಎದೆ ಒಡೆಯುವ ಹೊತ್ತಿನಲ್ಲಿ ಅವಳು ನಕ್ಕಿದ್ದಕ್ಕೆ ನನಗೆ ಹೋದ ಜೀವ ಬಂದ ಹಾಗಾಯಿತು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಕ್ಕ, ‘ಸ್ವಲ್ಪ ಅನ್ನೋಕೆ ಅಲ್ಲಿ ಅಂತಾರಾ? ಎಂಥ ಜನಾನಪ್ಪ!’ ಎಂದು ನೇಪಾಳದ ಮೇಲೆಯೇ ಕೋಪ ಮಾಡಿಕೊಂಡರು. ನಮ್ಮನೆಯವರು ಕಾರಿಂದ ಇಳಿದು ಹೋಗಿ ಒಂದು ಕಲ್ಲಿನ ಮೇಲೆ ಕೂತು, ಭುಜ ಕುಲುಕಿಸಿ ನಕ್ಕರು. ನಕ್ಕು ಮುಗಿಸಿ, ‘ಹಾಲು ಕೊಡೋ ಹಸ, ಹೋಗಕ್ಕಾ ಕರಿ’ ಎಂದರು.

ಟ್ರ್ಯಾಕ್ಟರಿನ ಹಿಂದೆ

ಬಿಮಲಾ ಟ್ರ್ಯಾಕ್ಟರ್ ಕಳಿಸಿದಳು. ಊರಲ್ಲಿ ಸಿಕ್ಕಿದ್ದು ಅದೊಂದೇ. ಹಗ್ಗ ಕಟ್ಟಿ ಎಳೆಯಬಾರದು, ಮ್ಯಾನ್ಯುಯಲ್‌ನಲ್ಲಿ ಬರೆದಿದೆ ಎಂದು ನಮ್ಮನೆಯವರು ಹೇಳುತ್ತಲೇ ಇದ್ದರು, ಟ್ರ್ಯಾಕ್ಟರಿನವನು ಗಂಟು ಹಾಕುತ್ತಲೇ ಇದ್ದ. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದೆ, ನಡೆಯುವವರ ವೇಗದಲ್ಲಿ ಹೊರಟೆವು. ಟ್ರ್ಯಾಕ್ಟರಿನ ಕರಿ ಹೊಗೆಯೆಲ್ಲ ನಮ್ಮ ಗಾಜಿನ ಮೇಲೆ. ದಾರಿಯಲ್ಲಿ ಭತ್ತದ ಗದ್ದೆಯವರೆಲ್ಲ ನೆಟ್ಟಗಾಗಿ ನಿಂತು ನೋಡಿದರು. ನಾನು ಸ್ಟೇರಿಂಗ್ ಹಿಡಿದುಕೊಂಡು, ಮದುವೆ ಮನೆಯಲ್ಲಿ ಸೀರೆ ಹರಿದವಳ ಹಾಗೆ ಯಾರ ಮುಖವನ್ನೂ ನೋಡದೆ ಕೂತಿದ್ದೆ.

ಬಿಮಲಾಳ ಹೋಟೆಲಿನ ಮುಂದೆ ಜನವೋ ಜನ. ಚಾರ್ಜರಿಗೆ ಚೆಂಡುಹೂವಿನ ಹಾರ, ಕುಂಕುಮ, ಅಕ್ಷತೆ. ಟ್ರ್ಯಾಕ್ಟರ್ ಬಂದು ನಿಂತ ಕೂಡಲೇ ಗುಜುಗುಜು ನಿಂತಿತು. ತಲೆಗೆ ಟೋಪಿ ಇಟ್ಟ ಒಬ್ಬ ಮುದುಕ ನೇಪಾಳಿಯಲ್ಲಿ ಏನೋ ಹೇಳಿದ, ಎಲ್ಲರೂ ನಕ್ಕರು. ಅವನೇ ಮಾವ ಎಂದು ಯಾರೂ ಹೇಳಬೇಕಾಗಿರಲಿಲ್ಲ. ‘ಡೀಸೆಲ್ ಗಾಡಿ ಎಳ್ಕೊಂಡು ಬಂತು ಕರೆಂಟ್ ಗಾಡೀನ ಅಂತಾವ್ರೆ’ ಎಂದು ಬಿಮಲಾ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದಳು.

‘ತಪ್ಪಾಯ್ತು ಕಣೇ’ ಎಂದೆ.

‘ಖಾಲಿ ಬಾ ಅಂದೆ, ಇಷ್ಟು ಖಾಲಿ ಬಾ ಅಂದ್ನಾ?’ ಎಂದು ನನ್ನ ಬೆನ್ನಿಗೆ ಒಂದು ಹಾಕಿದಳು.

ಚಾರ್ಜರ್ ಕೇಬಲ್ಲಿನ ತುದಿಯ ಗನ್ನು ತೆಗೆದು ಅವಳೇ ಕಾರಿಗೆ ಚುಚ್ಚಿದಳು. ಸ್ಕ್ರೀನ್ ಮೇಲೆ ಅಕ್ಷರ ಓಡಿದವು. ಪುರೋಹಿತರು ಗಂಟೆ ಆಡಿಸಿದರು. ಅದೇ ಗಳಿಗೆಗೆ ಸ್ಕ್ರೀನ್ ಕಪ್ಪಾಯಿತು. ಹೋಟೆಲಿನ ಫ್ಯಾನು ನಿಧಾನಕ್ಕೆ ಸುತ್ತಿ ನಿಂತಿತು. ಜನರ ಹಿಂದಿನಿಂದ ಯಾರೋ ಹೇಳಿದರು, ‘ಬತ್ತಿ ಗಯೋ.’ ಈ ಸಲ ನಮ್ಮನೆಯವರು ಕೂಡ ಜೋಕು ಮಾಡಲಿಲ್ಲ.

ಬಿಮಲಾಳ ಅಂಗಳ

ಕಾದೆವು. ಜನ ಒಬ್ಬೊಬ್ಬರಾಗಿ ಕರಗಿದರು. ಪುರೋಹಿತರು ಇನ್ನೊಂದು ಮನೆಗೆ ಹೋಗಬೇಕೆಂದು ಹೊರಟರು. ಮಾವ ಮೆಕ್ಕೆಜೋಳ ಬೆಳೆಯುತ್ತಿದ್ದ ಜಾಗದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದ. ಗೆದ್ದೆನೆಂಬ ಮುಖ ಅವನದಾಗಿರಲಿಲ್ಲ, ಅದು ನನಗೆ ಆಶ್ಚರ್ಯವಾಯಿತು. ಬಿಮಲಾ ಮೆಟ್ಟಿಲ ಮೇಲೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗಳಿಗೆ ತೊಡೆಯ ಮೇಲೆ ಕೂರುವ ವಯಸ್ಸು ದಾಟಿತ್ತು, ಕಾಲು ನೆಲಕ್ಕೆ ತಾಗುತ್ತಿತ್ತು. ಆದರೂ ಇಬ್ಬರೂ ಬಿಡಲಿಲ್ಲ.

ಅಕ್ಕ ಸುಮ್ಮನಿರುವವರಲ್ಲ. ‘ಕರೆಂಟು ಹೋದ್ರೆ ಅಡಿಗೇನೂ ಹೋಯ್ತಾ? ಬಡ್ಸಮ್ಮ, ಹೊಟ್ಟೆ ಹಸೀತಾ ಅದೆ’ ಎಂದು ತಾವೇ ಒಳಗೆ ಹೋಗಿ ತಟ್ಟೆ ಜೋಡಿಸಿದರು. ಅನ್ನ, ಬೇಳೆ, ಸೊಪ್ಪು, ಮೂಲಂಗಿ ಉಪ್ಪಿನಕಾಯಿ. ಖಾಲಿ ಹೊಟ್ಟೆಯಲ್ಲಿ ಬಂದಿದ್ದಕ್ಕೆ ಅದೊಂದಾದರೂ ಸಾರ್ಥಕವಾಯಿತು. ಮಾವನಿಗೂ ಅಕ್ಕನೇ ತಟ್ಟೆ ಕೊಟ್ಟರು, ಅವನು ತೆಗೆದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾಗದ ಭಾಷೆಯಲ್ಲಿ ಹಸುಗಳ ವಿಷಯ ಮಾತಾಡಿದರು. ಕೈಸನ್ನೆಯಲ್ಲಿ ಹಾಲು ಕರೆಯುವುದನ್ನು ತೋರಿಸಿದ ಮೇಲೆ ಬೇರೆ ಭಾಷೆ ಬೇಕಾಗಲಿಲ್ಲ.

ನಮ್ಮ ಬೀದಿಯಲ್ಲಿ ಕರೆಂಟು ಬಂದಿದ್ದು ಕಿವಿಗೇ ಗೊತ್ತಾಗುತ್ತದೆ. ಒಂದು ಮಗ್ಗ ಶುರುವಾಯಿತೆಂದರೆ ಅದರ ಹಿಂದೆ ಬೀದಿಯಷ್ಟೂ ಮಗ್ಗಗಳು ಬಡಿದುಕೊಳ್ಳುತ್ತವೆ. ಇಲ್ಲಿ ಯಾವುದರಿಂದ ಗೊತ್ತಾಗಬೇಕು ಎಂದು ನಮ್ಮನೆಯವರು ಕಿವಿ ನಿಗುರಿಸಿಕೊಂಡೇ ಊಟ ಮಾಡಿದರು. ಕೈ ತೊಳೆಯುವ ಹೊತ್ತಿಗೆ ರಸ್ತೆಯಾಚೆ ಹಿಟ್ಟಿನ ಗಿರಣಿಯ ಬೆಲ್ಟು ಗರ್ ಎಂದು ತಿರುಗಿತು. ‘ಬಂತು!’ ಎಂದು ಕೂಗಿದ್ದು ನಮ್ಮನೆಯವರೇ ಮೊದಲು. ಮರುಕ್ಷಣ ಬೀದಿಯೆಲ್ಲ ಕೂಗಿತು, ‘ಬತ್ತಿ ಆಯೋ!’

ಓಡಿದೆವು. ಬಿಮಲಾ ಗನ್ನು ಚುಚ್ಚಿದಳು. ಕೆಂಪು ದೀಪ. ತೆಗೆದು ಮತ್ತೆ ಚುಚ್ಚಿದಳು. ಕೆಂಪು. ಕರಗಿದ್ದ ಜನ ಮತ್ತೆ ಸೇರುತ್ತಿದ್ದರು. ಅವಳ ಮುಖ ಬಿಳಿಚಿಕೊಂಡಿತು. ‘ಹೋಯ್ತು ಕಣೇ ಮಂಜಿ’ ಎಂದು ಕನ್ನಡದಲ್ಲೇ ಹೇಳಿದಳು, ಯಾರಿಗೂ ತಿಳಿಯದಿರಲಿ ಎಂದು.

ನಾನು ಗನ್ನನ್ನೇ ನೋಡುತ್ತಿದ್ದೆ. ಕೇಬಲ್ಲು ಹೊಸದು, ಭಾರವಾಗಿ ಜೋತುಬಿದ್ದಿತ್ತು. ನಮ್ಮೂರ ಕಡೆ ಇದೇ ತಕರಾರು ಎಷ್ಟು ಸಲ ಅನುಭವಿಸಿಲ್ಲ ನಾನು! ಗನ್ನಿನ ಭಾರಕ್ಕೆ ಒಳಗಡೆ ಸರಿಯಾಗಿ ಕೂತಿರುವುದಿಲ್ಲ, ಕಾರಿಗೂ ಚಾರ್ಜರಿಗೂ ಮಾತುಕತೆ ಹೊಂದುವುದಿಲ್ಲ. ಶುರುವಾಗುವ ತನಕ ಕೈಯಲ್ಲಿ ಎತ್ತಿ ಹಿಡಿದುಕೊಂಡು ನಿಲ್ಲಬೇಕು, ಅಷ್ಟೇ. ‘ಇನ್ನೊಂದ್ಸಲ ಹಾಕು, ನಾನು ಎತ್ತಿ ಹಿಡೀತೀನಿ’ ಎಂದೆ. ಅವಳು ಹಾಕಿದಳು, ನಾನು ಕೇಬಲ್ಲಿಗೆ ಭುಜ ಕೊಟ್ಟು ಗನ್ನನ್ನು ಮೇಲಕ್ಕೆ ಒತ್ತಿದೆ. ಅವಳ ಕೈಯೂ ನನ್ನ ಕೈ ಮೇಲೆ ಇತ್ತು. ಪಕ್ಕ ಪಕ್ಕದಲ್ಲಿ ಕೂತು ಅಷ್ಟು ವರ್ಷ ಶರ್ಟು ಹೊಲಿದವರು ನಾವು, ಯಾರು ಎಷ್ಟು ಒತ್ತಬೇಕೆಂದು ಹೇಳಿಕೊಳ್ಳಬೇಕಾಗಲಿಲ್ಲ.

ಒಳಗೆಲ್ಲೋ ಟಕ್ ಎಂದಿತು. ಚಾರ್ಜರಿನ ಫ್ಯಾನು ಬುಸ್ಸೆಂದು ಎದ್ದಿತು. ಸ್ಕ್ರೀನಿನ ಮೇಲೆ ಸೊನ್ನೆ ಹೋಗಿ ಒಂದು ಬಂತು.

ಒಂದು ಎರಡಾಯಿತು. ಆಗ ನಮ್ಮ ಬೆನ್ನ ಹಿಂದೆ ಒಂದು ಮುದಿ ಗಂಟಲು ಜೋರಾಗಿ ಓದಿತು, ‘ದುಯೀ.’ ಮಾವ ಎದ್ದು ಬಂದಿದ್ದ. ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದ. ‘ತೀನ್’ ಎಂದ. ‘ಚಾರ್’ ಎನ್ನುವಾಗ ಜನವೂ ಸೇರಿಕೊಂಡರು. ಅಕ್ಕ ಮಾತ್ರ ಕನ್ನಡದಲ್ಲಿ ಎಣಿಸಿದರು, ಒಂದು ಸಂಖ್ಯೆ ಹಿಂದೆ. ಮಾವ ಚಾರ್ಜರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬಿಸಿಯಾಗಿದೆ ಎಂದು ಸೊಸೆಗೆ ಹೇಳಿದ. ತಿಂಗಳುಗಳ ನಂತರ ಅವನು ಅವಳಿಗೆ ಆಡಿದ ಮೊದಲ ಮಾತು ಅದಂತೆ.

ಆದರೂ ಬಿಮಲಾ ನೆಮ್ಮದಿಯಾಗಿರಲಿಲ್ಲ. ನನಗೂ ಅದು ಗೊತ್ತಿತ್ತು. ನೆಂಟರ ಕಾರಿಗೆ ಚಾರ್ಜ್ ಆದರೆ ಅದೇನು ದೊಡ್ಡದು? ಕರೆಯದೆ ಬರುವವನು ಯಾರಾದರೂ ಬರಬೇಕು.

ನಮ್ಮ ಬ್ಯಾಟರಿ ಇನ್ನೂ ಅರ್ಧ ಮುಟ್ಟಿರಲಿಲ್ಲ. ಪೋಖರಾ ಕಡೆ ಹೋಗುತ್ತಿದ್ದ ಒಂದು ಎಲೆಕ್ಟ್ರಿಕ್ ಮೈಕ್ರೋಬಸ್ಸು ವೇಗ ತಗ್ಗಿಸಿತು. ಒಳಗೆ ಜನ ಕಿಕ್ಕಿರಿದಿದ್ದರು, ಮೇಲೆ ಮೂಟೆ, ಒಂದು ಕುರ್ಚಿ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ, ‘ದಿದಿ, ಚಾರ್ಜರ್ ಚಲ್ಛ?’

ಓಡುತ್ತಾ ಎಂದು ಕೇಳಿದ, ಅಷ್ಟೇ. ಬಿಮಲಾ ಬಾಯಿ ತೆಗೆಯುವಷ್ಟರಲ್ಲಿ ಅವಳ ಬದಲು ಮಾವ ರಸ್ತೆಯ ಮಧ್ಯಕ್ಕೇ ನಡೆದುಹೋಗಿ, ಎರಡೂ ಕೈ ಬೀಸಿ, ಊರಿಗೆಲ್ಲ ಕೇಳುವ ಹಾಗೆ, ‘ಚಲ್ಛ, ಚಲ್ಛ! ಆಉನುಸ್!’ ಓಡುತ್ತೆ, ಬನ್ನಿ ಎಂದು ಕರೆದ.

ನಾನು ಗನ್ನು ಕಿತ್ತು ಕಾರು ಹಿಂದಕ್ಕೆ ತೆಗೆದೆ. ನಮ್ಮನೆಯವರು, ಪೂರ್ತಿ ಆಗಲಿ ಕಣೇ, ಪೋಖರಾ ನೋಡೋದು ಬೇಡ್ವಾ ಎಂದರು. ನೆಂಟರು ಎದ್ದು ಗಿರಾಕಿಗೆ ಜಾಗ ಬಿಡಬೇಕು ಎಂದೆ. ಮೈಕ್ರೋಬಸ್ಸು ಅಂಗಳಕ್ಕೆ ತಿರುಗಿತು. ಜನ ಇಳಿದು ಮೈ ಮುರಿದರು, ಟೀ ಎಂದರು, ಅನ್ನ ಇದೆಯಾ ಎಂದರು. ಮಾವ ಒಳಗಿನಿಂದ ಬೆಂಚುಗಳನ್ನು ಎಳೆದು ತಂದು ಮೆಕ್ಕೆಜೋಳದ ಮಡಿಯ ಮೇಲೆಯೇ ಹಾಕಿದ. ಆ ಗಾಡಿಯ ಗನ್ನನ್ನು ಬಿಮಲಾ ಒಬ್ಬಳೇ ಎತ್ತಿ ಹಿಡಿದು ನಿಂತಳು. ನಾನು ಸಹಾಯಕ್ಕೆ ಹೋದರೆ ಬೇಡವೆಂದು ಮೊಣಕೈಯಿಂದ ತಳ್ಳಿದಳು.

ಅವತ್ತು ನಾವು ಅಲ್ಲೇ ಉಳಿದೆವು. ಸಂಜೆಯೊಳಗೆ ಇನ್ನೊಂದು ಕಾರು ಬಂತು, ಆಮೇಲೆ ಒಂದು ಟ್ಯಾಕ್ಸಿ. ನಡುವೆ ಒಂದು ಸಲ ಕರೆಂಟು ಹೋಯಿತು, ತಾನೇ ಬಂತು. ಟ್ಯಾಕ್ಸಿಯವನು ಕಾದ, ಬಯ್ದ, ಮತ್ತೆ ಒಂದು ತಟ್ಟೆ ಅನ್ನ ತಿಂದ. ನಮ್ಮ ಹೆದ್ದಾರಿಗಳಲ್ಲೂ ಇಷ್ಟೇ ತಾನೇ, ಕೆಡುತ್ತೆ, ಯಾರಾದರೂ ಪಕ್ಕದಲ್ಲಿ ನಿಂತು ನೋಡಿಕೊಂಡರೆ ಓಡುತ್ತೆ. ನೋಡಿಕೊಳ್ಳುವ ಮನುಷ್ಯರು ಸಿಕ್ಕಿದ ಕಡೆ ನನಗೆ ಭಯವೇ ಆಗಲಿಲ್ಲ.

ಪಾತ್ರೆ ತೊಳೆಯುತ್ತಾ ಕೂತಾಗ ನಾನು ಬಿಮಲಾಳನ್ನು ಕೇಳಿದೆ, ‘ಏನೇ, ಮತ್ತೆ ಬರ್ತೀಯಾ ಬಾಶೆಟ್ಟಿಹಳ್ಳಿಗೆ?’

ಅವಳು ತೊಳೆದ ತಟ್ಟೆಯನ್ನು ಮಗಳ ಕೈಗೆ ಕೊಟ್ಟಳು. ಮಗಳು ಒರೆಸಿ ಜೋಡಿಸಿದಳು.

‘ಬರ್ತೀನಿ’ ಎಂದಳು ಬಿಮಲಾ. ‘ಇವಳ್ನೂ ಕರ್ಕೊಂಡು ಬರ್ತೀನಿ. ನಿನ್ನ ಮನೇಲಿ ನಾಲ್ಕು ದಿನ ತಿಂದ್ಕೊಂಡು, ವಾಪಸ್ ನಮ್ಮನೆಗೆ ಬರ್ತೀವಿ.’